ನೇಪಾಳಕ್ಕೆ ಚಾರಣ: ಬೆಟ್ಟ ಆಮೇಲೆ, ಗೈಡ್ ಮೊದಲು

ನೇಪಾಳಕ್ಕೆ ಟ್ರೆಕ್ ಹೋಗಬೇಕು ಅಂದವರೆಲ್ಲ ನನ್ನನ್ನು ಮೊದಲು ಕೇಳುವುದು ಒಂದೇ ಮಾತು. ‘ಎವರೆಸ್ಟ್ ಬೇಸ್ ಕ್ಯಾಂಪ್ ಒಳ್ಳೆಯದೋ, ಅನ್ನಪೂರ್ಣಾನೋ?’ ನಾನು ತಿರುಗಿ ಕೇಳುತ್ತೇನೆ, ‘ಯಾರ ಜೊತೆ ಹೋಗ್ತಿದ್ದೀರಿ?’ ಹೆಚ್ಚಿನವರು ಅಷ್ಟಕ್ಕೇ ಸುಮ್ಮನಾಗುತ್ತಾರೆ. ಅದನ್ನು ಯೋಚಿಸಿಯೇ ಇರುವುದಿಲ್ಲ.

ಯಾವ ದಾರಿ ಹಿಡಿದರೂ ಹಿಮದ ಬೆಟ್ಟ ಕಾಣುತ್ತದೆ, ಆ ಚಿಂತೆ ಬೇಡ. ನಿಮ್ಮ ದುಡ್ಡು ಯಾರ ಕೈ ಸೇರುತ್ತದೆ? ನಿಮ್ಮ ಬ್ಯಾಗು ಯಾರ ಬೆನ್ನೇರುತ್ತದೆ? ನಾಲ್ಕು ಸಾವಿರ ಮೀಟರ್ ಎತ್ತರದಲ್ಲಿ ತಲೆ ಸಿಡಿಯುವಾಗ ‘ಸಾಕು, ಇಳಿಯೋಣ’ ಎಂದು ಹೇಳುವ ಧೈರ್ಯ ಯಾರಿಗಿದೆ? ಇದೆಲ್ಲ ನೀವು ಹೊರಡುವ ಮೊದಲೇ, ದುಡ್ಡು ಕಟ್ಟುವ ದಿನವೇ ತೀರ್ಮಾನ ಆಗಿಬಿಟ್ಟಿರುತ್ತದೆ.

ನಾನಿದನ್ನು ಕಲಿತದ್ದು ತಪ್ಪು ಮಾಡಿಯೇ. ಮೊದಲ ಸಲ ಅನ್ನಪೂರ್ಣಾ ಬೇಸ್ ಕ್ಯಾಂಪಿಗೆ ಹೋದಾಗ ನೆಟ್ಟಿನಲ್ಲಿ ಎಲ್ಲರಿಗಿಂತ ಕಡಿಮೆ ರೇಟು ಹೇಳಿದವರನ್ನೇ ಹಿಡಿದೆವು. ಮೂವರು ಗೆಳೆಯರು, ಒಬ್ಬ ಗೈಡ್, ಒಬ್ಬ ಪೋರ್ಟರ್. ಪೋರ್ಟರ್ ಅಂದರೆ ಇಪ್ಪತ್ತು ದಾಟಿರದ ಹುಡುಗ. ಮೂರು ಬ್ಯಾಗನ್ನೂ ಹಗ್ಗದಲ್ಲಿ ಒಟ್ಟು ಬಿಗಿದು, ಅಗಲದ ಪಟ್ಟಿಯೊಂದನ್ನು ಹಣೆಗೆ ಕೊಟ್ಟು, ಎದ್ದು ನಿಂತ. ಆ ಪಟ್ಟಿಗೆ ನೇಪಾಳಿಯಲ್ಲಿ ನಾಮ್ಲೊ ಅನ್ನುತ್ತಾರೆ. ಭಾರವೆಲ್ಲ ಕುತ್ತಿಗೆ, ಬೆನ್ನಿನ ಮೇಲೆ. ದಾರಿಯಲ್ಲಿ ಸಿಗುವ ಚೊಮ್ರೊಂಗ್ ಹಳ್ಳಿಯ ಕಲ್ಲುಮೆಟ್ಟಿಲುಗಳ ಮೇಲೆ ಅವನು ನಮಗಿಂತ ಮುಂದಿದ್ದ. ನಾವು ಬರೀ ನೀರಿನ ಬಾಟಲಿ ಹಿಡಿದು ಏದುಸಿರು ಬಿಡುತ್ತಿದ್ದೆವು. ಸಂಜೆ ಲಾಡ್ಜಿನಲ್ಲಿ ಆಲೂಗಡ್ಡೆ ತೂಗುವ ತಕ್ಕಡಿ ಕಂಡಿತು. ತಮಾಷೆಗೆ ಅಂತ ಅವನ ಹೊರೆಯನ್ನು ನೇತು ಹಾಕಿದೆವು. 41 ಕಿಲೋ. ತಮಾಷೆ ಅಲ್ಲಿಗೇ ನಿಂತಿತು. ಅವನ ಕಾಲಲ್ಲಿ ಕ್ಯಾನ್ವಾಸ್ ಶೂ. ನನ್ನ ಬ್ಯಾಗಲ್ಲಿ ಎರಡು ಜೀನ್ಸ್ ಪ್ಯಾಂಟು, ಮನೆಯಿಂದ ಕಟ್ಟಿಸಿಕೊಂಡ ಒಂದು ಕಿಲೋ ಚಟ್ನಿಪುಡಿ.

ಈ ಬರಹ ಆ ತಕ್ಕಡಿಯಿಂದಲೇ ಶುರುವಾಯಿತು ಅಂದುಕೊಳ್ಳಿ.

ಮೊದಲು ನಿಯಮ

2023ರ ಏಪ್ರಿಲ್ 1ರಿಂದ ವಿದೇಶಿ ಚಾರಣಿಗರು ಗೈಡ್ ಇಲ್ಲದೆ ಒಂಟಿಯಾಗಿ ಹೋಗುವಂತಿಲ್ಲ, ನೋಂದಾಯಿತ ಏಜೆನ್ಸಿಯ ಮೂಲಕ ಲೈಸೆನ್ಸ್ ಇರುವ ಗೈಡನ್ನು ಕರೆದುಕೊಂಡು ಹೋಗಬೇಕು ಎಂದು ನೇಪಾಳ ಪ್ರವಾಸೋದ್ಯಮ ಮಂಡಳಿ ನಿಯಮ ತಂದಿತು. ಜಾರಿ ಎಲ್ಲ ಕಡೆ ಒಂದೇ ಥರ ಇಲ್ಲ. ಎವರೆಸ್ಟ್ ಇರುವ ಖುಂಬು ಕಡೆ ಸ್ಥಳೀಯ ಆಡಳಿತ ಇದನ್ನು ಒಪ್ಪದೆ, ತನ್ನದೇ ಪ್ರವೇಶ ಶುಲ್ಕ ವಸೂಲಿ ಮಾಡಿಕೊಂಡು ಬಂದಿದೆ. ಮನಾಸ್ಲುವಿನಂಥ ನಿರ್ಬಂಧಿತ ಪ್ರದೇಶಗಳಲ್ಲಿ ಮಾತ್ರ ಮೊದಲಿನಿಂದಲೂ ಗೈಡ್ ಕಡ್ಡಾಯ, ಅಲ್ಲಿ ಯಾವ ಸಡಿಲಿಕೆಯೂ ಇಲ್ಲ.

ನಮಗೆ ಭಾರತೀಯರಿಗೆ ವೀಸಾ ಬೇಡ. ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ಸಾಕು. ಪರ್ಮಿಟ್ ಶುಲ್ಕದಲ್ಲೂ ಸಾರ್ಕ್ ದೇಶದವರಿಗೆ ರಿಯಾಯಿತಿ ಇದೆ. ಅನ್ನಪೂರ್ಣಾ ಸಂರಕ್ಷಣಾ ಪ್ರದೇಶಕ್ಕೆ ಬೇರೆ ವಿದೇಶಿಯರು 3,000 ನೇಪಾಳಿ ರೂಪಾಯಿ ಕಟ್ಟಿದರೆ ನಮಗೆ 1,000. ಸಾಗರ್‌ಮಾತಾ (ಎವರೆಸ್ಟಿಗೆ ನೇಪಾಳಿ ಹೆಸರು) ಮತ್ತು ಲಾಂಗ್‌ಟಾಂಗ್ ರಾಷ್ಟ್ರೀಯ ಉದ್ಯಾನಗಳಿಗೆ 1,500. ನಮ್ಮ ನೂರು ರೂಪಾಯಿ ಅಲ್ಲಿ 160 ಆಗುತ್ತದೆ. ಅಂದರೆ ಪರ್ಮಿಟ್ ಲೆಕ್ಕದಲ್ಲಿ ನಮಗೆ ಸಾಕಷ್ಟು ಉಳಿಯುತ್ತದೆ. ಉಳಿದದ್ದನ್ನು ಗೈಡ್ ಮತ್ತು ಪೋರ್ಟರ್‌ನ ಕೂಲಿಗೆ ಹಾಕಿ ಅನ್ನುವುದು ನನ್ನ ಕೋರಿಕೆ.

ಈಗ ಆಯ್ಕೆಗೆ ಬರೋಣ. ಹೋಗುವ ದಾರಿಗಳು ಮುಖ್ಯವಾಗಿ ನಾಲ್ಕು.

ಇಲ್ಲಿಂದಲೇ ಹೊರಡುವ ಗುಂಪು

ಭಾರತದ ಚಾರಣ ಕಂಪನಿಯೊಂದು ತಾರೀಕು ಗೊತ್ತು ಮಾಡಿರುತ್ತದೆ. ನೀವು ದುಡ್ಡು ಕಟ್ಟಿ ಸೇರಿಕೊಳ್ಳುತ್ತೀರಿ. ಭಾಷೆಯ ತೊಂದರೆ ಇಲ್ಲ, ಜೊತೆಗೆ ಜನ ಇರುತ್ತಾರೆ, ಮನೆಯವರಿಗೂ ಧೈರ್ಯ. ಮೊದಲ ಸಲ ಹೋಗುವವರಿಗೆ ಇದು ಕೆಟ್ಟ ಆಯ್ಕೆ ಏನಲ್ಲ.

ತೊಂದರೆ ಇರುವುದು ಗುಂಪಿನ ಗಾತ್ರದಲ್ಲಿ. ಇಪ್ಪತ್ತು ಜನ ಒಂದೇ ಸಂಜೆ ಒಂದು ಹಳ್ಳಿಗೆ ನುಗ್ಗಿದರೆ ಅಲ್ಲಿನ ನೀರು, ಕಕ್ಕಸು, ಅಡುಗೆಮನೆ ಎಲ್ಲಕ್ಕೂ ಹೊರೆ. ಅದಕ್ಕಿಂತ ದೊಡ್ಡದು ವೇಳಾಪಟ್ಟಿ. ಹತ್ತೊಂಬತ್ತು ಜನ ಚೆನ್ನಾಗಿದ್ದು ಒಬ್ಬರಿಗೆ ಎತ್ತರ ಆಗಿಬರದಿದ್ದರೆ ಗುಂಪು ನಿಲ್ಲುವುದಿಲ್ಲ. ಆ ಒಬ್ಬರೂ ‘ನನಗೇನಿಲ್ಲ’ ಅಂತ ಸುಳ್ಳು ಹೇಳಿಕೊಂಡು ಹತ್ತುತ್ತಾರೆ. ಅಲ್ಲದೆ ಮುಂದೆ ನಡೆಯುವ ಟ್ರೆಕ್ ಲೀಡರ್ ಹಲವು ಸಲ ಇಲ್ಲಿಯವನೇ. ಊರಿನ ಗೈಡ್ ಹಿಂದೆ ಬಾಲದ ಥರ. ದಾರಿ ಗೊತ್ತಿರುವವನು ಹಿಂದೆ, ವಾಕಿಟಾಕಿ ಇರುವವನು ಮುಂದೆ!

ಈ ದಾರಿ ಹಿಡಿಯುವುದಾದರೆ ಹತ್ತು–ಹನ್ನೆರಡಕ್ಕಿಂತ ಹೆಚ್ಚು ಜನ ಇಲ್ಲದ ಗುಂಪು ನೋಡಿ. ಹಿಂದಿರುಗುವ ತೀರ್ಮಾನ ಸ್ಥಳೀಯ ಗೈಡ್‌ನದೋ ಅಲ್ಲವೋ ಅಂತ ಬರವಣಿಗೆಯಲ್ಲೇ ಕೇಳಿ.

ಕಠ್ಮಂಡು, ಪೋಖರಾದ ಏಜೆನ್ಸಿ

ಕಠ್ಮಂಡುವಿನ ಥಮೇಲ್ ಬೀದಿಯಲ್ಲಿ ನಿಂತು ಸುತ್ತ ನೋಡಿದರೆ ಎಲ್ಲ ಬೋರ್ಡೂ ಟ್ರೆಕ್ಕಿಂಗ್ ಏಜೆನ್ಸಿಯದೇ. ಇವರಲ್ಲಿ ತುಂಬ ಒಳ್ಳೆಯವರಿದ್ದಾರೆ. ಪರ್ಮಿಟ್, ವಿಮೆ, ಬಸ್ಸು, ವಿಮಾನ ಎಲ್ಲ ಅವರೇ ನೋಡುತ್ತಾರೆ. ಗೈಡ್‌ಗೆ ಹುಷಾರಿಲ್ಲದಿದ್ದರೆ ಇನ್ನೊಬ್ಬನನ್ನು ಕಳಿಸುತ್ತಾರೆ. ಏನಾದರೂ ಎಡವಟ್ಟಾದರೆ ಕೇಳಲು ಒಂದು ಬಾಗಿಲು ಇರುತ್ತದೆ. ನೋಂದಣಿ ಇದೆಯಾ, 1979ರಲ್ಲಿ ಶುರುವಾದ ಟ್ರೆಕ್ಕಿಂಗ್ ಏಜೆನ್ಸಿಗಳ ಸಂಘದ ಸದಸ್ಯತ್ವ ಇದೆಯಾ ಅಂತ ನೋಡಿಕೊಳ್ಳಬಹುದು.

ನೋಡಬೇಕಾದದ್ದು ರೇಟು. ಅದೂ ಜಾಸ್ತಿ ಇದೆಯಾ ಅಂತ ಮಾತ್ರ ನೋಡಬೇಡಿ, ತೀರಾ ಕಡಿಮೆ ಇದೆಯಾ ಅಂತಲೂ ನೋಡಿ. ಲಾಡ್ಜು, ಊಟ, ಬಸ್ಸು, ಪರ್ಮಿಟ್ ಇವುಗಳ ಬೆಲೆ ಹೆಚ್ಚುಕಮ್ಮಿ ಎಲ್ಲರಿಗೂ ಒಂದೇ. ಹಾಗಿದ್ದೂ ಒಬ್ಬರು ಅರ್ಧ ಬೆಲೆಗೆ ಕರೆದೊಯ್ಯುತ್ತೇವೆ ಅಂದರೆ ಆ ಅರ್ಧ ಎಲ್ಲಿಂದಲೋ ಕತ್ತರಿಸಿದ್ದು ತಾನೆ? ಸಾಮಾನ್ಯವಾಗಿ ಕತ್ತರಿ ಬೀಳುವುದು ಕೂಲಿಗೆ. ನಮ್ಮ ಮೊದಲ ಪ್ರವಾಸದಲ್ಲಿ ಆದದ್ದೂ ಅದೇ. ಇಬ್ಬರು ಪೋರ್ಟರ್ ಇರಬೇಕಾದಲ್ಲಿ ಒಬ್ಬನನ್ನು ಇಟ್ಟರು.

ಕೂಲಿ ಕಡಿಮೆಯಾದರೆ ಗೈಡ್ ಕೂಡ ಅದನ್ನು ಬೇರೆ ಕಡೆಯಿಂದ ತುಂಬಿಕೊಳ್ಳಬೇಕಾಗುತ್ತದೆ. ಲಾಡ್ಜಿನ ಕಮಿಷನ್, ಅಂಗಡಿಯ ಕಮಿಷನ್, ಅಷ್ಟಾದರೆ ಸಹಿಸಿಕೊಳ್ಳಬಹುದು. ಹೆಲಿಕಾಪ್ಟರ್ ಕಮಿಷನ್ ಸಹಿಸುವಂಥದ್ದಲ್ಲ. ಸಣ್ಣ ತಲೆನೋವು ಬಂದವರನ್ನು ಹೆದರಿಸಿ ಹೆಲಿಕಾಪ್ಟರ್ ಹತ್ತಿಸುವುದು, ಆಸ್ಪತ್ರೆಗೆ ಸೇರಿಸುವುದು, ವಿಮಾ ಕಂಪನಿಗೆ ದೊಡ್ಡ ಬಿಲ್ಲು ಕಳಿಸುವುದು, ಬಂದದ್ದನ್ನು ಹಂಚಿಕೊಳ್ಳುವುದು. ಈ ದಂಧೆ ಎಷ್ಟು ಬೆಳೆಯಿತೆಂದರೆ 2018ರಲ್ಲಿ ನೇಪಾಳ ಸರ್ಕಾರವೇ ತನಿಖೆ ಮಾಡಿಸಿತು. ನಡೆದು ಇಳಿದರೆ ಕಡಿಮೆಯಾಗುವ ತಲೆನೋವಿಗೂ ನಿಜವಾದ ಅಪಾಯಕ್ಕೂ ಇರುವ ವ್ಯತ್ಯಾಸವನ್ನು ನಿಮಗೆ ಹೇಳಬೇಕಾದವನೇ ಗೈಡ್. ಅವನ ಹೊಟ್ಟೆಪಾಡು ನಿಮ್ಮ ಕಾಯಿಲೆಯ ಮೇಲೆ ನಿಲ್ಲುವ ಹಾಗೆ ಮಾಡಬಾರದು.

ಗೈಡ್‌ಗೆ ದಿನಕ್ಕೆ 25ರಿಂದ 40 ಡಾಲರ್, ಪೋರ್ಟರ್‌ಗೆ ಅದಕ್ಕಿಂತ ಸ್ವಲ್ಪ ಕಡಿಮೆ, ಸಾಮಾನ್ಯವಾಗಿ ಓಡುವ ರೇಟು ಇದು. ಏಜೆನ್ಸಿಯವರನ್ನು ನೇರವಾಗಿ ಕೇಳಿ: ‘ಇದರಲ್ಲಿ ಅವರ ಕೈಗೆ ಎಷ್ಟು ಹೋಗುತ್ತದೆ?’ ಒಳ್ಳೆಯವರು ಉತ್ತರ ಕೊಡುತ್ತಾರೆ. ಕೊಡದವರು ಮಾತು ಬದಲಿಸಿ ಉಚಿತ ಟೀ ಶರ್ಟ್ ಬಗ್ಗೆ ಹೇಳುತ್ತಾರೆ.

ಹೆಂಗಸರು ಒಬ್ಬೊಬ್ಬರೇ ಅಥವಾ ಗೆಳತಿಯರ ಜೊತೆ ಹೋಗುವವರಿದ್ದರೆ ಒಂದು ಹೆಸರು ಹೇಳಲೇಬೇಕು. ಪೋಖರಾದಲ್ಲಿ ಮೂವರು ಅಕ್ಕತಂಗಿಯರು 1994ರಲ್ಲಿ ಶುರು ಮಾಡಿದ ತ್ರೀ ಸಿಸ್ಟರ್ಸ್ ಅಡ್ವೆಂಚರ್ ಟ್ರೆಕ್ಕಿಂಗ್. ಹೆಂಗಸರನ್ನೇ ಗೈಡ್‌ಗಳಾಗಿ ತರಬೇತಿ ಮಾಡಿ ಕಳಿಸುತ್ತಾರೆ. ಬೆಟ್ಟ ಗಂಡಸರ ಕೆಲಸ ಅನ್ನುತ್ತಿದ್ದ ಕಾಲದಲ್ಲಿ ಅವರು ಮಾಡಿದ್ದು ಸಣ್ಣ ಕೆಲಸ ಅಲ್ಲ.

ನೇರವಾಗಿ ಒಬ್ಬ ಗೈಡ್

ಹೋಗಿಬಂದ ಗೆಳೆಯರು ನಂಬರ್ ಕೊಡುತ್ತಾರೆ, ನೀವು ಗೈಡ್ ಜೊತೆ ಮೆಸೇಜಿನಲ್ಲಿ ಮಾತಾಡುತ್ತೀರಿ, ದುಡ್ಡು ಪೂರ್ತಿ ಅವನ ಕೈಗೇ. ನನಗೆ ಇದೇ ಇಷ್ಟ. ನಿಮ್ಮ ಮಂಡಿನೋವು, ನಿಮ್ಮ ನಿಧಾನ, ಬೆಳಗ್ಗೆ ಬೇಗ ಏಳದ ನಿಮ್ಮ ಚಾಳಿ ಎಲ್ಲ ಮೊದಲೇ ಹೇಳಿಕೊಳ್ಳಬಹುದು. ಅದಕ್ಕೆ ತಕ್ಕ ದಾರಿ ಅವನು ಹೊಂದಿಸುತ್ತಾನೆ.

ಕಾನೂನಿನ ತೊಡಕು ಒಂದಿದೆ. ಪರ್ಮಿಟ್ ಏಜೆನ್ಸಿ ಮೂಲಕವೇ ಆಗಬೇಕು. ಅದಕ್ಕೆ ದಾರಿಯೂ ಸುಲಭ. ಗೈಡನ್ನು ನೀವು ಆರಿಸಿ, ಅವನು ಕೆಲಸ ಮಾಡುವ ಏಜೆನ್ಸಿಯಲ್ಲಿ ಕಾಗದಪತ್ರ ಮಾಡಿಸಿ. ಏಜೆನ್ಸಿಗೆ ಸ್ವಲ್ಪ ಶುಲ್ಕ ಹೋಗುತ್ತದೆ, ವಿಮೆಯೂ ಸಿಗುತ್ತದೆ. ಲೈಸೆನ್ಸ್ ಕಾರ್ಡಿನ ಫೋಟೋ ಕೇಳಲು ಸಂಕೋಚ ಬೇಡ, ಅವರಿಗೂ ಅದು ಅಭ್ಯಾಸವೇ.

ಒಬ್ಬರೋ ಇಬ್ಬರೋ ಹೋಗುವವರು ‘ಪೋರ್ಟರ್–ಗೈಡ್’ ಅನ್ನುವ ಏರ್ಪಾಡನ್ನೂ ಕೇಳಿರುತ್ತೀರಿ. ಒಬ್ಬನೇ ದಾರಿಯೂ ತೋರಿಸಿ, ಹತ್ತು ಹನ್ನೆರಡು ಕಿಲೋ ಸಾಮಾನೂ ಹೊರುತ್ತಾನೆ. ತಗ್ಗಿನ ದಾರಿಗಳಿಗೆ ಸರಿ. ಐದು ಸಾವಿರ ಮೀಟರ್ ಎತ್ತರದ ಕಣಿವೆಮಾರ್ಗ ದಾಟುವ ದಾರಿಗೆ ಬೇಡ. ಅಲ್ಲಿ ನಿಮಗೇನಾದರೂ ಆದರೆ ಅವನು ಬ್ಯಾಗು ಹೊರಬೇಕೋ ನಿಮ್ಮನ್ನೋ?

ಊರಿನವರೇ ನಡೆಸುವ ದಾರಿ

ಇದರ ಬಗ್ಗೆ ನಮ್ಮವರಿಗೆ ಕಡಿಮೆ ಗೊತ್ತು. ಹಾಗಾಗಿ ಸ್ವಲ್ಪ ಹೆಚ್ಚೇ ಹೇಳುತ್ತೇನೆ.

1997ರಲ್ಲಿ ಸ್ಯಾಂಗ್ಜಾ ಜಿಲ್ಲೆಯ ಸಿರುಬಾರಿ ಅನ್ನುವ, ಗುರುಂಗ್ ಜನಾಂಗದವರ ಹಳ್ಳಿ ಪ್ರವಾಸಿಗರನ್ನು ಮನೆಗಳಲ್ಲೇ ಉಳಿಸಿಕೊಳ್ಳಲು ಶುರು ಮಾಡಿತು. ನೇಪಾಳದ ಹಳ್ಳಿ ಹೋಂಸ್ಟೇಗಳಿಗೆ ಮೇಲ್ಪಂಕ್ತಿ ಹಾಕಿದ ಊರು ಅದು. ಪಂಚೆ ಬಾಜಾ ವಾದ್ಯ ನುಡಿಸಿ, ಹೂಮಾಲೆ ಹಾಕಿ ಬರಮಾಡಿಕೊಳ್ಳುತ್ತಾರೆ. ಚೆಂದದ ವಿಷಯ ಅದಲ್ಲ. ಯಾವ ಅತಿಥಿ ಯಾವ ಮನೆಗೆ ಅಂತ ಊರಿನ ಸಮಿತಿ ಸರದಿ ಪ್ರಕಾರ ಹಂಚುತ್ತದೆ. ದಾರಿ ಪಕ್ಕದ ಮನೆಗೇ ಎಲ್ಲ ಗಿರಾಕಿ, ಮೇಲಿನ ಮೂಲೆಯ ಮನೆಗೆ ಸೊನ್ನೆ ಅನ್ನುವ ಜಗಳ ಇಲ್ಲ.

ಚಾರಣವೇ ಬೇಕು, ಹಿಮದ ಬೆಟ್ಟವೂ ಹತ್ತಿರ ಕಾಣಬೇಕು ಅನ್ನುವವರಿಗೆ ಮೊಹರೆ ಡಾಂಡಾ, ಖೋಪ್ರಾ ಡಾಂಡಾ ದಾರಿ ಇದೆ. ಡಾಂಡಾ ಅಂದರೆ ಬೆಟ್ಟದ ಏಣು. ಮ್ಯಾಗ್ಡಿ ಜಿಲ್ಲೆ, ಅನ್ನಪೂರ್ಣಾ ಮತ್ತು ಧೌಲಾಗಿರಿ ಶ್ರೇಣಿಗಳ ನಡುವೆ. ಬೆಟ್ಟದ ಹಳ್ಳಿಗಳಿಗೆ ವೈರ್‌ಲೆಸ್ ಇಂಟರ್ನೆಟ್ ಎಳೆದು 2007ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದ ಮಹಾಬೀರ್ ಪುನ್ ಅವರ ಊರು ನಾಂಗಿ ಇರುವುದು ಇಲ್ಲೇ. ಈ ದಾರಿಯ ಮುಖ್ಯ ಲಾಡ್ಜುಗಳು ಒಬ್ಬ ಸಾಹುಕಾರನವಲ್ಲ, ಊರಿನವು. ಲಾಭದಲ್ಲಿ ಶಾಲೆಗೂ ಪಾಲು ಹೋಗುತ್ತದೆ. ನೀವು ಕುಡಿದ ಚಹಾದಲ್ಲಿ ಮೇಷ್ಟರ ಸಂಬಳವೂ ಸ್ವಲ್ಪ ಇದೆ ಅನ್ನಬಹುದು.

ಇದೇ ಸುತ್ತಿನ ಘೋರೆಪಾನಿಯಲ್ಲಿ ಬೆಳಗಿನ ಜಾವ ಪೂನ್ ಹಿಲ್ ಹತ್ತುವವರ ಟಾರ್ಚ್ ಸಾಲು ಜಾತ್ರೆಗೆ ಹೊರಟಂತೆ ಕಾಣುತ್ತದೆ. ಪೂನ್ ಹಿಲ್ 3,210 ಮೀಟರ್, ಮೊಹರೆ ಸುಮಾರು 3,300. ಕಾಣುವ ಬೆಟ್ಟಗಳು ಅವೇ. ನಾನು ಮೊಹರೆಯಲ್ಲಿ ಬೆಳಗಾಗುವುದನ್ನು ನೋಡಿದಾಗ ಇದ್ದವರು ಒಂಬತ್ತು ಜನ, ಒಂದು ನಾಯಿ. ಧೌಲಾಗಿರಿಯ ತುದಿಗೆ ಮೊದಲು ಕೆಂಪು ಬಿತ್ತು. ಅಡುಗೆಮನೆಯ ದೀದಿ ಹೊರಗೆ ಬಂದು ನೋಡಿದವರು, ‘ಇವತ್ತು ಮೋಡ ಬರ್ತದೆ, ಬೇಗ ತಿಂದು ಹೊರಡಿ’ ಅಂದು ಒಳಗೆ ಹೋದರು. ಹತ್ತು ಗಂಟೆಗೆ ಮೋಡ ಬಂತು.

ಕಳೆದುಕೊಳ್ಳುವುದೂ ಇದೆ. ಬಿಸಿನೀರಿನ ಸ್ನಾನ ಎಲ್ಲ ಕಡೆ ಸಿಗುವುದಿಲ್ಲ. ಪಿಜ್ಜಾ, ಪಾಸ್ತಾ ಅಂತ ನಾಲ್ಕು ಪುಟದ ಮೆನು ಇಲ್ಲ, ದಾಲ್ ಭಾತ್ ಇದೆ. ಕೋಣೆ ಹಂಚಿಕೊಳ್ಳಬೇಕಾಗಬಹುದು. ದಾರಿಯಲ್ಲಿ ಬೋರ್ಡು ಕಡಿಮೆ, ಕೆಲವು ಕಡೆ ಕಾಡಿನಲ್ಲಿ ಕವಲು ತಪ್ಪುವುದು ಸುಲಭ. ಆದ್ದರಿಂದ ಇಲ್ಲಿ ಊರಿನ ಗೈಡ್ ಬೇಕೇಬೇಕು, ನಿಯಮ ಇರಲಿ ಬಿಡಲಿ.

ಹಾಗಾದರೆ ಯಾವ ಕಡೆ?

ಖುಂಬು, ಅನ್ನಪೂರ್ಣಾ, ಲಾಂಗ್‌ಟಾಂಗ್. ನಮ್ಮವರು ಹೋಗುವುದು ಹೆಚ್ಚಾಗಿ ಈ ಮೂರಕ್ಕೆ.

ಖುಂಬುವಿಗೆ, ಅಂದರೆ ಎವರೆಸ್ಟ್ ಕಡೆಗೆ, ವರ್ಷಕ್ಕೆ 50 ಸಾವಿರಕ್ಕೂ ಹೆಚ್ಚು ಜನ ಬರುತ್ತಾರೆ. ಲುಕ್ಲಾಕ್ಕೆ ವಿಮಾನ ಹತ್ತಬೇಕು. ಸೀಸನ್ನಿನಲ್ಲಿ ಅದೂ ಕಠ್ಮಂಡುವಿನ ಬದಲು ರಾಮೆಛಾಪ್‌ನಿಂದ ಹೊರಡುವುದುಂಟು, ನಡುರಾತ್ರಿ ಜೀಪು ಹತ್ತಿ ಹೋಗಬೇಕು. ಖರ್ಚು ಮೂರರಲ್ಲೂ ಹೆಚ್ಚು. ಆದರೆ ಒಂದು ಮಾತು ಹೇಳಬೇಕು, ಕಸದ ವಿಷಯದಲ್ಲಿ ಇಲ್ಲಿನವರು ಕೈಕಟ್ಟಿ ಕೂತಿಲ್ಲ. 1991ರಲ್ಲೇ ಸಾಗರ್‌ಮಾತಾ ಮಾಲಿನ್ಯ ನಿಯಂತ್ರಣ ಸಮಿತಿ ಕಟ್ಟಿಕೊಂಡರು. 1998ರಲ್ಲಿ ಗಾಜಿನ ಬಾಟಲಿಗಳನ್ನು ನಿಷೇಧಿಸಿದರು. ಈಗ ದಾರಿಯ ಮೇಲಿನ ನಾಮ್ಚೆ ಊರಿನಲ್ಲಿ ಒಂದೊಂದು ಕಿಲೋ ಕಸದ ಚೀಲ ಕೊಡುತ್ತಾರೆ, ಇಳಿಯುವವರು ಅದನ್ನು ಹಿಡಿದು ಲುಕ್ಲಾದಲ್ಲಿ ಒಪ್ಪಿಸಬೇಕು. ‘ಕ್ಯಾರಿ ಮಿ ಬ್ಯಾಕ್’ ಅಂತ ಅದರ ಹೆಸರು. ಒಂದು ಕಿಲೋ ಅಂದರೆ ನನ್ನ ಚಟ್ನಿಪುಡಿಯಷ್ಟೇ ಭಾರ. ಖುಂಬುವಿಗೆ ಹೋಗುವವರು ಎತ್ತರಕ್ಕೆ ಒಗ್ಗಿಕೊಳ್ಳಲು ದಿನ ಬಿಡಲೇಬೇಕು. ಬೇಸ್ ಕ್ಯಾಂಪ್ 5,364 ಮೀಟರ್. ಮೂರು ಸಾವಿರ ದಾಟಿದ ಮೇಲೆ ಮಲಗುವ ಎತ್ತರ ದಿನಕ್ಕೆ ಐನೂರು ಮೀಟರಿಗಿಂತ ಹೆಚ್ಚಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ನಿಲ್ಲಬೇಕು ಅನ್ನುವುದು ಎಲ್ಲ ವೈದ್ಯರೂ ಹೇಳುವ ಲೆಕ್ಕ. ಇದಕ್ಕೆ ಹೊಂದದ ವೇಳಾಪಟ್ಟಿ ಕೊಟ್ಟವರನ್ನು ಅಲ್ಲೇ ಬಿಟ್ಟುಬಿಡಿ. ಇದೇ ದಾರಿಯ ಫೆರಿಚೆ ಹಳ್ಳಿಯಲ್ಲಿ ಹಿಮಾಲಯನ್ ರೆಸ್ಕ್ಯೂ ಅಸೋಸಿಯೇಷನ್ನಿನ ದವಾಖಾನೆ ಇದೆ, ಸೀಸನ್ನಿನಲ್ಲಿ ಮಧ್ಯಾಹ್ನ ಎತ್ತರದ ಕಾಯಿಲೆಯ ಬಗ್ಗೆ ತಿಳಿಸಿಕೊಡುತ್ತಾರೆ. ಕೂತು ಕೇಳಿ.

ಅನ್ನಪೂರ್ಣಾ ಕಡೆಗೆ ವಿಮಾನದ ಹಂಗಿಲ್ಲ, ಪೋಖರಾದಿಂದ ಜೀಪು ಸಾಕು. 1986ರಲ್ಲಿ ಶುರುವಾದ ಸಂರಕ್ಷಣಾ ಯೋಜನೆ ಇಲ್ಲಿನ ವಿಶೇಷ. ಜನರನ್ನು ಎಬ್ಬಿಸಿ ಕಾಡು ಉಳಿಸುವ ಬದಲು, ಜನರ ಕೈಗೇ ಕಾಡಿನ ಕೆಲಸ ಕೊಟ್ಟರು. 7,629 ಚದರ ಕಿಲೋಮೀಟರ್, ನೇಪಾಳದ ಅತಿ ದೊಡ್ಡ ಸಂರಕ್ಷಿತ ಪ್ರದೇಶ. ಆಮಾ ಸಮೂಹ ಅಂತ ತಾಯಂದಿರ ಸಂಘಗಳಿವೆ. ದಾರಿ ರಿಪೇರಿಯಿಂದ ಹಿಡಿದು ಕುಡಿಯುವ ನೀರಿನ ಕೇಂದ್ರದವರೆಗೆ ನೋಡಿಕೊಳ್ಳುತ್ತಾರೆ. ಸ್ವಂತ ಬಾಟಲಿ ಇದ್ದರೆ ಅಲ್ಲೇ ಶುದ್ಧ ನೀರು ತುಂಬಿಸಿಕೊಳ್ಳಬಹುದು, ಪ್ಲಾಸ್ಟಿಕ್ ಬಾಟಲಿ ಕೊಳ್ಳಬೇಕಾಗಿಲ್ಲ. ಅನ್ನಪೂರ್ಣಾ ಶ್ರೇಣಿಯನ್ನು ಸುತ್ತುವ ಅನ್ನಪೂರ್ಣಾ ಸರ್ಕ್ಯೂಟಿನ ತುಂಬ ಉದ್ದಕ್ಕೆ ಈಗ ಜೀಪಿನ ರಸ್ತೆ ಬಂದಿದೆ. ಧೂಳು ತಿನ್ನುತ್ತ ನಡೆಯಬೇಕಾಗುತ್ತದೆ, ಹಳೆಯ ಫೋಟೋ ನೋಡಿ ಮರುಳಾಗಬೇಡಿ. ರಸ್ತೆ ಬಿಟ್ಟು ಎದುರು ದಡದ ಕಾಲುದಾರಿ ಎಲ್ಲಿದೆ ಅನ್ನುವುದು ಊರಿನ ಗೈಡ್‌ಗೆ ಗೊತ್ತು.

ಲಾಂಗ್‌ಟಾಂಗ್ ಕಠ್ಮಂಡುವಿನಿಂದ ಒಂದು ದಿನದ ಬಸ್ ದಾರಿ. 2015ರ ಏಪ್ರಿಲ್ 25ರ ಭೂಕಂಪದಲ್ಲಿ ಮೇಲಿನಿಂದ ಹಿಮ, ಬಂಡೆ ಕುಸಿದು ಲಾಂಗ್‌ಟಾಂಗ್ ಹಳ್ಳಿ ಪೂರ್ತಿ ಮುಚ್ಚಿಹೋಯಿತು. ಉಳಿದವರು ಹಿಂತಿರುಗಿ ಬಂದು ಪಕ್ಕದಲ್ಲೇ ಮತ್ತೆ ಊರು ಕಟ್ಟಿದರು. ಈಗಿನ ದಾರಿ ಆ ಕಲ್ಲಿನ ರಾಶಿಯ ಮೇಲೇ ಹೋಗುತ್ತದೆ. ಅಲ್ಲಿ ಸೆಲ್ಫಿ ತೆಗೆಯುವವರನ್ನು ಕಂಡು ತಮಾಂಗ್ ಜನಾಂಗದ ನನ್ನ ಗೈಡ್ ಏನೂ ಹೇಳಲಿಲ್ಲ, ಟೋಪಿ ಮಾತ್ರ ತೆಗೆದ. ನೆರವಾಗಬೇಕು ಅಂತ ಮನಸ್ಸಿದ್ದರೆ ಇಲ್ಲಿಗೆ ಹೋಗಿ ನಾಲ್ಕು ರಾತ್ರಿ ಉಳಿಯಿರಿ, ಹೊಟ್ಟೆ ತುಂಬ ತಿನ್ನಿ. ಕ್ಯಾಂಜಿನ್ ಗೊಂಪಾದಲ್ಲಿ 1950ರ ದಶಕದಲ್ಲಿ ಸ್ವಿಸ್ ನೆರವಿನಿಂದ ಶುರುವಾದ ಚೀಸ್ ಫ್ಯಾಕ್ಟರಿ ಇದೆ, ಒಂದು ತುಂಡು ಕೊಳ್ಳಿ. ಪಕ್ಕದ ತಮಾಂಗ್ ಹೆರಿಟೇಜ್ ದಾರಿಯಲ್ಲಿ ಗತ್ಲಾಂಗ್, ಬ್ರಿದ್ದಿಮ್ ಹಳ್ಳಿಗಳಿವೆ, ಬ್ರಿದ್ದಿಮ್‌ನಲ್ಲಿ ಮನೆಗಳಲ್ಲೇ ಉಳಿಯಬಹುದು.

ಒಂದೇ ಆರಿಸಿ ಅಂದರೆ? ಮೊದಲ ಸಲಕ್ಕೆ ನಾನು ಲಾಂಗ್‌ಟಾಂಗ್ ಅನ್ನುತ್ತೇನೆ. ವಾರ ಹತ್ತು ದಿನದಲ್ಲಿ ಮುಗಿಯುತ್ತದೆ, ಜನಜಂಗುಳಿ ಕಡಿಮೆ. ಎರಡನೇ ಸಲಕ್ಕೆ ಮೊಹರೆ–ಖೋಪ್ರಾ. ಎವರೆಸ್ಟ್ ನೋಡದೆ ಸಾಯಲ್ಲ ಅನ್ನುವವರು ಖುಂಬುವಿಗೇ ಹೋಗಿ, ಎರಡು ದಿನ ಜಾಸ್ತಿ ಇಟ್ಟುಕೊಂಡು.

ಪೋರ್ಟರ್ ವಿಷಯ

ಶೆರ್ಪಾ ಅಂದರೆ ಹೊರೆ ಹೊರುವವನು ಅಂತ ತುಂಬ ಜನ ತಿಳಿದಿದ್ದಾರೆ. ಶೆರ್ಪಾ ಒಂದು ಜನಾಂಗ. ಖುಂಬುವಿನಲ್ಲಿ ಅವರಲ್ಲಿ ಹೆಚ್ಚಿನವರು ಈಗ ಲಾಡ್ಜಿನ ಯಜಮಾನರು, ಗೈಡ್‌ಗಳು. ನಿಮ್ಮ ಬ್ಯಾಗು ಹೊರುವ ಹುಡುಗ ಕೆಳಗಿನ ಬೆಟ್ಟಗಳ ರಾಯ್, ತಮಾಂಗ್, ಮಗರ್ ಆಗಿರಬಹುದು. ಎತ್ತರ ಅವನಿಗೂ ನಿಮ್ಮಷ್ಟೇ ಹೊಸದು. ಅವನಿಗೂ ತಲೆ ನೋಯುತ್ತದೆ, ವಾಂತಿ ಬರುತ್ತದೆ. ಹೇಳಿದರೆ ಕೂಲಿ ಹೋಗುತ್ತದೆ ಅಂತ ಬಾಯಿ ಬಿಡುವುದಿಲ್ಲ.

1997ರಲ್ಲಿ ಹೀಗೇ ಕಾಯಿಲೆ ಬಿದ್ದ ನೇಪಾಳಿ ಪೋರ್ಟರ್ ಒಬ್ಬ ತೀರಿಕೊಂಡ ಮೇಲೆ ಅಂತರರಾಷ್ಟ್ರೀಯ ಪೋರ್ಟರ್ ರಕ್ಷಣಾ ಗುಂಪು ಹುಟ್ಟಿತು. ನೇಪಾಳದಲ್ಲಿ ಒಬ್ಬರಿಗೆ 30 ಕಿಲೋ ಮೀರಬಾರದು ಅನ್ನುವುದು ಅವರು ಹಾಕಿದ ಮಿತಿ. ಬೆಚ್ಚಗಿನ ಬಟ್ಟೆ, ಶೂ, ಮಲಗಲು ಜಾಗ, ವಿಮೆ ಬೇಕು. ಹುಷಾರು ತಪ್ಪಿದವನನ್ನು ಒಂಟಿಯಾಗಿ ಕೆಳಗೆ ಕಳಿಸಬಾರದು. ಇಷ್ಟೇ ಅವರು ಕೇಳುವುದು. ನಾನು ಇನ್ನೂ ಕಡಿಮೆ ಇಡುತ್ತೇನೆ: ಇಬ್ಬರಿಗೆ ಒಬ್ಬ ಪೋರ್ಟರ್, ಒಬ್ಬೊಬ್ಬರದು ಹತ್ತು ಕಿಲೋ.

ದಾರಿಯಲ್ಲಿ ಪೋರ್ಟರ್‌ಗಳು ಟಿ ಆಕಾರದ ಕೋಲೊಂದನ್ನು ಹಿಡಿದಿರುತ್ತಾರೆ, ತೋಕ್ಮಾ ಅಂತ. ದಣಿವಾದಾಗ ಹೊರೆ ಇಳಿಸುವುದಿಲ್ಲ. ನಿಂತಲ್ಲೇ ಕೋಲನ್ನು ಹೊರೆಯ ಅಡಿಗೆ ಕೊಟ್ಟು ಭಾರ ಅದಕ್ಕೆ ಬಿಟ್ಟು, ನಾಲ್ಕು ಉಸಿರು ಬಿಟ್ಟು ಮತ್ತೆ ನಡೆಯುತ್ತಾರೆ. ಅವರು ಹಾಗೆ ನಿಂತಾಗ ಪಕ್ಕದಲ್ಲಿ ನುಗ್ಗಬೇಡಿ. ದಾರಿ ಕಿರಿದಾಗಿದ್ದರೆ ನೀವು ಬೆಟ್ಟದ ಬದಿಗೆ ಒತ್ತಿ ನಿಲ್ಲಿ. ಯಾಕ್, ಹೇಸರಗತ್ತೆಗಳ ಸಾಲು ಬಂದಾಗಲೂ ಅಷ್ಟೇ, ಕಣಿವೆಯ ಅಂಚಿಗೆ ಹೋಗಬಾರದು.

ಎಂಜಲು ಗೊತ್ತಿದ್ದವರಿಗೆ ಅರ್ಧ ಗೊತ್ತು

ಬೇರೆ ದೇಶದವರಿಗೆ ಪುಸ್ತಕ ಓದಿ ಕಲಿಯಬೇಕಾದ ಎಷ್ಟೋ ವಿಷಯ ನಮಗೆ ಅಜ್ಜಿ ಹೇಳಿಕೊಟ್ಟಿದ್ದಾಳೆ. ನೇಪಾಳಿಯ ‘ಜುಠೋ’ ಅಂದರೆ ನಮ್ಮ ಎಂಜಲೇ. ಕಚ್ಚಿದ್ದನ್ನು ಇನ್ನೊಬ್ಬರಿಗೆ ಕೊಡಬಾರದು, ಬಾಟಲಿಗೆ ಬಾಯಿ ಹಾಕಬಾರದು, ಬಲಗೈಯಲ್ಲಿ ಕೊಡಬೇಕು. ‘ದಾಯಿ’ ಅಂದರೆ ಅಣ್ಣ, ‘ದೀದಿ’ ಅಕ್ಕ, ‘ಭಾಯಿ’ ತಮ್ಮ, ‘ಬಹಿನಿ’ ತಂಗಿ. ಗೈಡನ್ನು ದಾಯಿ ಅಂತ ಕರೆದು ನೋಡಿ, ನಡೆಯುವ ರೀತಿಯೇ ಬದಲಾಗುತ್ತದೆ. ಮಂತ್ರ ಕೆತ್ತಿದ ಕಲ್ಲುಗಳ ಬೌದ್ಧರ ಮಣಿಗೋಡೆ, ಸ್ತೂಪಗಳನ್ನು ಬಲಕ್ಕಿಟ್ಟುಕೊಂಡು ದಾಟಬೇಕು. ನಾವು ದೇವಸ್ಥಾನ ಸುತ್ತುವುದೂ ಹಾಗೇ ಅಲ್ವಾ? ನಾವು ಎಡವುವುದು ಒಲೆಯ ಹತ್ತಿರ. ಶೆರ್ಪಾ, ತಮಾಂಗ್ ಮನೆಗಳಲ್ಲಿ ಒಲೆಯ ಬೆಂಕಿ ಪವಿತ್ರ. ಬಿಸ್ಕತ್ತಿನ ಕವರನ್ನು ಸುಮ್ನೆ ಬೆಂಕಿಗೆ ಎಸೆಯಬಾರದು, ಒಲೆಯ ಕಡೆ ಕಾಲು ಚಾಚಬಾರದು.

ಮಚ್ಛಾಪುಛ್ರೆ ಬೆಟ್ಟ ನೋಡಿರುತ್ತೀರಿ, ಮೀನಿನ ಬಾಲದ ಥರ ಇದೆ. 6,993 ಮೀಟರ್. 1957ರಲ್ಲಿ ಬ್ರಿಟಿಷ್ ತಂಡವೊಂದು ಹತ್ತಿ, ತುದಿಗೆ ಸುಮಾರು 50 ಮೀಟರ್ ಇರುವಾಗ ನಿಂತಿತು. ಆಮೇಲೆ ಬೆಟ್ಟ ಹತ್ತಲು ಅನುಮತಿಯೇ ಇಲ್ಲ. ಅದು ದೇವರ ಬೆಟ್ಟ. ಅದರ ಬುಡದಲ್ಲಿ ಅನ್ನಪೂರ್ಣಾ ಬೇಸ್ ಕ್ಯಾಂಪಿಗೆ ಹೋಗುವ ಕಣಿವೆಯ ಒಳಗೆ ಮಾಂಸ ಒಯ್ಯಬಾರದು ಅನ್ನುವ ನಂಬಿಕೆಯೂ ಇದೆ. ನಮ್ಮ ಜೊತೆ ಬಂದಿದ್ದ ಒಬ್ಬ ಗೆಳೆಯ ಬ್ಯಾಗಲ್ಲಿ ಚಿಕನ್ ಉಪ್ಪಿನಕಾಯಿ ಇಟ್ಟಿದ್ದ. ಆ ಹೊತ್ತಿನ ಗೈಡ್ ಈ ವಿಷಯ ಹೇಳಲೇ ಇಲ್ಲ. ಇಳಿದ ಮೇಲೆ ಲಾಡ್ಜಿನ ದೀದಿ ಹೇಳಿದಾಗ ಗೆಳೆಯನ ಮುಖ ನೋಡಬೇಕಿತ್ತು.

ಕೋಣೆ ಅಗ್ಗ ಅಂತ ಅಲ್ಲಿ ಮಲಗಿ, ಊಟಕ್ಕೆ ಪಕ್ಕದ ಲಾಡ್ಜಿಗೆ ಹೋಗುವುದೂ ತಪ್ಪೇ. ಅವರು ಕೋಣೆಯನ್ನು ಅಗ್ಗಕ್ಕೆ ಕೊಡುವುದು ಊಟ ಅಲ್ಲೇ ಮಾಡುತ್ತೀರಿ ಅಂತ. ದಾಲ್ ಭಾತ್ ಕೇಳಿ, ಸಾಕು ಅನ್ನುವವರೆಗೆ ಬಡಿಸುತ್ತಾರೆ.

ಮುಂಗಡ ಕಳಿಸುವ ಮೊದಲು

ಗೈಡ್ ಅಥವಾ ಏಜೆನ್ಸಿ ಜೊತೆ ಫೋನಿನಲ್ಲಿ ಹತ್ತು ನಿಮಿಷ ಮಾತಾಡಿ. ಗೈಡ್ ಯಾವ ಊರಿನವರು, ಈ ದಾರಿಯಲ್ಲಿ ಎಷ್ಟು ಸಲ ಹೋಗಿದ್ದಾರೆ? ನನ್ನ ಜೊತೆ ಬರುವವರು ಇವರೇನಾ, ಬೇರೆಯವರಾ? ಪೋರ್ಟರ್ ಎಷ್ಟು ಹೊರುತ್ತಾರೆ, ಎಲ್ಲಿ ಮಲಗುತ್ತಾರೆ, ವಿಮೆ ಇದೆಯಾ? ಕಸ ಎಲ್ಲಿ ಹೋಗುತ್ತದೆ? ಉತ್ತರಕ್ಕಿಂತ ಉತ್ತರ ಕೊಡುವ ರೀತಿ ಗಮನಿಸಿ. ‘ಎಲ್ಲ ಆಗುತ್ತೆ ಸಾರ್, ನೋ ಪ್ರಾಬ್ಲಂ’ ಅನ್ನುವವರಿಗಿಂತ, ‘ಅದು ಆಗಲ್ಲ’ ಅಂತ ಒಂದಾದರೂ ಹೇಳುವವರು ವಾಸಿ.

ಕೊನೆಗೆ ನಾನು ತಪ್ಪದೆ ಕೇಳುವುದು ಇನ್ನೊಂದಿದೆ. ‘ಹಿಂದೆ ಯಾವಾಗ ಗುಂಪನ್ನು ಅರ್ಧದಿಂದ ವಾಪಸು ಕರೆತಂದಿರಿ?’ ಖೋಪ್ರಾಕ್ಕೆ ಹೋಗುವ ಮೊದಲು ಒಬ್ಬ ಮಗರ್ ಗೈಡನ್ನು ಹೀಗೆ ಕೇಳಿದೆ. ಆತ ಸ್ವಲ್ಪ ನಕ್ಕ. ‘ಹೋದ ತಿಂಗಳು. ಖಯರ್ ಕೆರೆಗೆ ಹೊರಟಿದ್ವಿ, ಹಿಮ ಶುರುವಾಯ್ತು. ವಾಪಸ್ ಅಂದೆ. ಸ್ವಾಂತಾ ಹಳ್ಳಿವರೆಗೆ ಇಬ್ಬರು ನನ್ನ ಹತ್ರ ಮಾತೇ ಆಡಲಿಲ್ಲ.’

‘ಆಮೇಲೆ?’

‘ಆಮೇಲೆ ಅವರೇ ಚಹಾ ಕೊಡಿಸಿದ್ರು.’

ಮುಂಗಡ ಅವತ್ತೇ ಕಳಿಸಿದೆ.